ಫ್ರಿಜ್ಜಿನೊಳಗಿನ ಮಿಡತೆ

ಮಿಡತೆಯನ್ನು ಫ್ರಿಜ್ಜಿನಲ್ಲಿಟ್ಟು, ಅದು ಮರಗಟ್ಟಿದ ಮೇಲೆ ಫೋಟೋ ತೆಗೆದು, 'ನಿಸರ್ಗದ ಮಡಿಲಲ್ಲಿ' ಎಂದು ಹೆಸರಿಡುವವರ ಮೇಲೆ ನನಗೆ ಸಿಟ್ಟಿದೆ. ಇದನ್ನು ಹೇಳಿದಾಗಲೆಲ್ಲ ಜನ ನನ್ನನ್ನು ಹೊಸ ತಂತ್ರಗಳಿಗೆ ಹೆದರುವ ಹಳೇಕಾಲದವಳೆಂದು ತಿಳಿಯುತ್ತಾರೆ. ನನ್ನ ತಕರಾರು ತಂತ್ರದ ಮೇಲಲ್ಲ, ಸುಳ್ಳಿನ ಮೇಲೆ.

ಆ ತಂತ್ರಕ್ಕೆ ಫೋಕಸ್ ಸ್ಟ್ಯಾಕಿಂಗ್ ಎನ್ನುತ್ತಾರೆ. ಹೆಸರು ದೊಡ್ಡದು, ಸಂಗತಿ ನಮಗೆ ತಿಳಿಯದ್ದೇನಲ್ಲ. ಸೂಜಿಗೆ ದಾರ ಪೋಣಿಸುವಾಗ ಗಮನಿಸಿ: ಸೂಜಿಯ ಕಣ್ಣು ಸ್ಪಷ್ಟವಾಗಿ ಕಂಡರೆ ಹಿಂದಿನ ಗೋಡೆ ಮಸುಕಾಗುತ್ತದೆ. ಕ್ಯಾಮೆರಾಕ್ಕೂ ಇದೇ ಕಷ್ಟ. ವಸ್ತು ಹತ್ತಿರವಾದಷ್ಟೂ ಕಷ್ಟ ಹೆಚ್ಚು. ಹುಳವನ್ನು ಅದರ ನಿಜ ಗಾತ್ರದಲ್ಲೇ ಮೂಡಿಸುವ ಮ್ಯಾಕ್ರೋ ಲೆನ್ಸಿನಲ್ಲಿ ಸ್ಪಷ್ಟವಾಗಿ ಕಾಣುವ ಪದರ ಸುಮಾರು 1 ಮಿಲಿಮೀಟರು, ಅಷ್ಟೇ. ಕಣ್ಣು ಸಿಕ್ಕರೆ ಮೀಸೆ ಇಲ್ಲ, ಮೀಸೆ ಸಿಕ್ಕರೆ ಕಾಲಿಲ್ಲ. ಲೆನ್ಸಿನ ಕಿಂಡಿ ಕಿರಿದು ಮಾಡಿದರೆ ಆ ಪದರ ಕೊಂಚ ದಪ್ಪವಾಗುತ್ತದೆ, ನಿಜ. ಆದರೆ ತೀರ ಕಿರಿದಾದರೆ ಬೆಳಕು ಚದುರಿ ಇಡೀ ಚಿತ್ರವೇ ಮಬ್ಬಾಗುತ್ತದೆ. ಆದ್ದರಿಂದ ಹತ್ತೋ ಮೂವತ್ತೋ ಚಿತ್ರ ತೆಗೆಯುತ್ತಾರೆ. ಪ್ರತಿ ಸಲವೂ ಫೋಕಸ್ಸನ್ನು ಕೂದಲೆಳೆಯಷ್ಟು ಸರಿಸುತ್ತಾರೆ. ಆಮೇಲೆ ಕಂಪ್ಯೂಟರಿನಲ್ಲಿ ಒಂದೊಂದರ ಸ್ಪಷ್ಟ ಭಾಗವನ್ನಷ್ಟೇ ಆಯ್ದು ಒಂದು ಚಿತ್ರ ಮಾಡುತ್ತಾರೆ. ಕೌದಿ ಹೊಲಿಯುವ ಹೆಂಗಸರಿಗೆ ಇದಕ್ಕಿಂತ ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಈ ಜೋಡಣೆಯೇ ಮೋಸ ಎನ್ನುವ ಮಡಿವಂತರಿದ್ದಾರೆ. ನಾನು ಒಪ್ಪುವುದಿಲ್ಲ. ನಮ್ಮ ಕಣ್ಣು ಮಾಡುವುದೂ ಅದನ್ನೇ. ರಂಗೋಲಿಯ ಒಂದು ಚುಕ್ಕಿಯಿಂದ ಇನ್ನೊಂದಕ್ಕೆ ಓಡಾಡಿ, ಕೊನೆಗೆ ಇಡೀ ರಂಗೋಲಿ ನೋಡಿದೆವೆಂದು ಮನಸ್ಸಿಗೆ ಹೇಳುತ್ತದೆ. ತೇಜಸ್ವಿಯವರು ಮೂಡಿಗೆರೆಯಲ್ಲಿ ಹಕ್ಕಿಗಳಿಗಾಗಿ ಕಾದು ಕೂತಾಗ, ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ ಕಾಡು ಸುತ್ತಿದಾಗ ಒಂದು ರೀಲಿಗೆ 36 ಚಿತ್ರ. ಈಗ ಒಂದು ಮಿಡತೆಯ ಮುಖಕ್ಕೇ ಅಷ್ಟು ಖರ್ಚಾಗುತ್ತದೆ. ಆಗಲಿ, ಬಿಡಿ. ಅದರಿಂದ ಮಿಡತೆಯ ಮುಖದ ಒಂದೊಂದು ಕೂದಲೂ ಕಂಡರೆ ನಮಗೆ ಲಾಭವೇ.

ಆದರೆ ಈ ತಂತ್ರ ಒಂದು ಬೆಲೆ ಕೇಳುತ್ತದೆ: ಅಷ್ಟೂ ಹೊತ್ತು ಹುಳ ಅಲುಗಾಡಬಾರದು. ನಡುವೆ ಅದು ಕಾಲೆತ್ತಿದರೆ ಆರು ಕಾಲಿನ ಮಿಡತೆಗೆ ಏಳನೆಯ ಕಾಲು ಮೂಡುತ್ತದೆ. ಈ ಬೆಲೆಯನ್ನು ಯಾರು ತೆರಬೇಕು, ತೆಗೆಯುವವರೋ ಹುಳವೋ? ನನ್ನ ಜಗಳವೆಲ್ಲ ಇಲ್ಲಿದೆ.

ತೆಗೆಯುವವರೇ ತೆರುವ ದಾರಿ ಇದೆ. ನನ್ನ ತವರು ತಿಕೋಟಾ ತಾಲೂಕಿನ ಕಳ್ಳಕವಟಗಿ. ಆ ಕಡೆಯ ಬದುಗಳ ಮೇಲೆ ಬಿತ್ತದೆ ಬೆಳೆಯುವುದು ಎಕ್ಕೆ ಗಿಡ. ಆ ಎಕ್ಕೆಯ ಮೇಲೆ ಹಳದಿ ಮೈಗೆ ನೀಲಿ-ಹಸಿರು ಪಟ್ಟೆ ಬರೆಸಿಕೊಂಡ ಒಂದು ಮಿಡತೆ ಇರುತ್ತದೆ. ಇಳಕಲ್ ಸೀರೆಯವರೂ ಅಂಥ ಅಂಚು ನೇಯ್ದಿಲ್ಲ. ಎಕ್ಕೆಯ ವಿಷದ ಹಾಲು ಕುಡಿದೇ ಬೆಳೆಯುವ ಜೀವ ಅದು. ಅದರ ಮರಿಯನ್ನು ಚಿವುಟಿದರೆ ಕೆಟ್ಟ ದ್ರವವನ್ನು ದೂರಕ್ಕೆ ಚಿಮ್ಮಿಸುತ್ತದೆ. ಹುಳಗಳಿಗೆ ನಮ್ಮ ಹಾಗೆ ಒಳಗಿನ ಕಾವಿಲ್ಲ. ಬಿಸಿಲು ಕೊಟ್ಟಷ್ಟೇ ಕಾವು. ಚಳಿಗಾಲದ ಬೆಳಗಿನ ಜಾವ ಅವು ಕೂತಲ್ಲೇ ಕೂತಿರುತ್ತವೆ. ಇಬ್ಬನಿಯಲ್ಲಿ ತೊಯ್ದ ಏರೋಪ್ಲೇನ್ ಚಿಟ್ಟೆಯೂ ಹಾಗೆಯೇ, ಬಿಸಿಲು ರೆಕ್ಕೆಗೆ ತಾಗುವತನಕ ಹಾರುವುದಿಲ್ಲ. ಗಾಳಿ ಏಳುವ ಮುಂಚಿನ ಆ ಅರ್ಧ ತಾಸು ಸಾಕು. ಹತ್ತಲ್ಲ, ಐವತ್ತು ಚಿತ್ರ ತೆಗೆಯಬಹುದು.

'ಅದೂ ಚಳಿಯೇ, ಫ್ರಿಜ್ಜಿನದೂ ಚಳಿಯೇ, ವ್ಯತ್ಯಾಸವೇನು?' ಎಂದು ವಾದಿಸುವ ಜಾಣರಿದ್ದಾರೆ. ಬೆಳಗಿನ ಹೊಲದಲ್ಲಿ ಹುಳ ತಾನೇ ಆರಿಸಿಕೊಂಡ ಎಲೆಯ ಮೇಲಿರುತ್ತದೆ, ತನ್ನ ರೀತಿಯಲ್ಲಿ ಕಾಲು ಮಡಚಿರುತ್ತದೆ, ಬಿಸಿಲು ಬಂದರೆ ತಾನೇ ಎದ್ದು ಹೋಗುತ್ತದೆ. ಫ್ರಿಜ್ಜಿನಿಂದ ತೆಗೆದದ್ದನ್ನು ನೀವು ನಿಮಗೆ ಬೇಕಾದ ಹೂವಿನ ಮೇಲೆ, ಬೇಕಾದ ಭಂಗಿಯಲ್ಲಿ ಕೂರಿಸುತ್ತೀರಿ. ಎಕ್ಕೆಯ ಮಿಡತೆ ಗುಲಾಬಿಯ ಮೇಲೆ ಬಂದು ಕೂರುವುದು ಹೀಗೆ. ಮಕ್ಕಳು ಅದನ್ನು ನೋಡಿ, ಮಿಡತೆ ಇರುವುದೇ ಗುಲಾಬಿಯಲ್ಲಿ ಎಂದು ಕಲಿಯುತ್ತಾರೆ.

ನಮ್ಮ ಊರಿನ ಒಂದು ಪ್ರದರ್ಶನದಲ್ಲಿ ಮೊದಲ ಬಹುಮಾನ ಪಡೆದ ಚಿತ್ರ ಇಂಥದೇ. ಮೈತುಂಬ ನೀರಹನಿ ಹೊತ್ತ ಮಿಡತೆ, ಕೆಳಗೆ 'ಮುಂಜಾವಿನ ಇಬ್ಬನಿ' ಎಂಬ ಹೆಸರು. ಚಹಾ ಕುಡಿಯುವಾಗ ಚಿತ್ರದ ಒಡೆಯ ತಾನೇ ನಗುತ್ತ ಹೇಳಿದ: ಡಬ್ಬಿಯಲ್ಲಿ ಹಾಕಿ ಫ್ರೀಜರಿನಲ್ಲಿ ಹತ್ತು ನಿಮಿಷ, ಹೊರತೆಗೆದು ಪಿಚಕಾರಿಯಿಂದ ನೀರು. 'ಸತ್ತಿಲ್ರೀ ಅಕ್ಕಾರ, ಬರೇ ನಿದ್ದಿ ಹತ್ತಿತ್ತು.' ನಿದ್ದೆಯಲ್ಲ ಅದು, ಮೈ ಮರಗಟ್ಟುವುದು. ಮತ್ತೆ ಏಳದ ಹುಳಗಳೂ ಇವೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಸಂಘಟಕರಲ್ಲಿ ಕೇಳಿದರೆ, 'ಚಿತ್ರ ಚೆಂದ ಐತಲ್ರೀ ಬಾಯಾರ, ಹೆಂಗ ತೆಗದ್ರ ಏನು?' ಎಂದರು.

ಏನೆಂದು ಹೇಳುತ್ತೇನೆ. ಅದೇ ಗೋಡೆಯ ಮೇಲೆ ಮೂಲೆಯಲ್ಲಿ ಒಬ್ಬ ಹುಡುಗಿಯ ಚಿತ್ರವಿತ್ತು. ಬದುವಿನ ಮೇಲಿನ ಜೇಡ, ಹದಿನಾಲ್ಕು ಚಿತ್ರಗಳ ಜೋಡಣೆ, ಒಂದು ಕಾಲು ಮಾತ್ರ ಮಸುಕು. ನಸುಕಿನ ಐದೂವರೆಗೆ ಹೊಲಕ್ಕೆ ಹೋಗಲು ನಮ್ಮಲ್ಲಿ ಒಂದು ಹೆಣ್ಣುಮಗು ಎಷ್ಟು ಜನಕ್ಕೆ ಉತ್ತರ ಹೇಳಬೇಕು, ನಿಮಗೆ ಗೊತ್ತು. ಅಂಗಳ ಯಾರು ಸಾರಿಸಬೇಕು, ಜೊತೆಗೆ ಯಾರು ಬರಬೇಕು, ಕಂಡವರು ಏನೆಂದಾರು. ಇಷ್ಟೆಲ್ಲ ದಾಟಿ ಹೋದವಳ ಬೆಳಗಿನ ಚಳಿಗೂ, ಡಬ್ಬಿಯ ಚಳಿಗೂ ಒಂದೇ ತಕ್ಕಡಿ! ಆ ತಕ್ಕಡಿಯಲ್ಲಿ ಗೆದ್ದದ್ದು ಡಬ್ಬಿ. ಹುಲಿ, ಆನೆಗಳ ಚಿತ್ರಕ್ಕೆ ಜೀಪು ಬೇಕು, ಹಣ ಬೇಕು. ಹಿತ್ತಲಲ್ಲಿ, ಬದುವಿನಲ್ಲಿ ಸಿಗುವ ಈ ಪುಟ್ಟ ಲೋಕವೊಂದೇ ನಮ್ಮಂಥವರ ಕೈಗೆಟುಕುವ ಕಾಡು. ಅಲ್ಲೂ ಮೋಸವೇ ಗೆದ್ದರೆ ನಾವು ಯಾತಕ್ಕೆ ಏಳಬೇಕು?

'ಹುಳ ತಾನೆ? ದ್ರಾಕ್ಷಿ ತೋಟದಲ್ಲಿ ಒಂದು ಸಲ ಔಷಧಿ ಹೊಡೆದರೆ ಸಾವಿರ ಸಾಯುತ್ತವೆ' ಎಂಬ ಮಾತೂ ಬರುತ್ತದೆ. ಸಾಯುತ್ತವೆ. ಆದರೆ ರೈತ ಹೊಟ್ಟೆಪಾಡಿಗೆ ಹೊಡೆಯುತ್ತಾನೆ, ಹೊಡೆದದ್ದನ್ನು ಮುಚ್ಚಿಡುವುದಿಲ್ಲ, ಸತ್ತ ಹುಳಕ್ಕೆ 'ನಿಸರ್ಗದ ಮಡಿಲು' ಎಂದು ಹೆಸರಿಟ್ಟು ಬಹುಮಾನವನ್ನೂ ಕೇಳುವುದಿಲ್ಲ.

ಸತ್ತ ಹುಳದ ಚಿತ್ರ ತೆಗೆಯಲೇಬಾರದೆಂದು ನಾನು ಹೇಳುತ್ತಿಲ್ಲ. ಇಂಗ್ಲೆಂಡಿನ ಲೆವನ್ ಬಿಸ್ ಎಂಬಾತ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ನಿಸರ್ಗ ಇತಿಹಾಸ ಸಂಗ್ರಹಾಲಯದ ಕೀಟಗಳನ್ನು ತೆಗೆದು 2016ರಲ್ಲಿ ಪ್ರದರ್ಶನ ಇಟ್ಟರು. ಒಂದೊಂದು ಚಿತ್ರಕ್ಕೆ 8,000ಕ್ಕೂ ಮಿಕ್ಕಿ ಫೋಟೋಗಳ ಜೋಡಣೆ. ಅವು ಸಂಗ್ರಹಾಲಯದ ಹುಳಗಳೆಂದು ಮೊದಲೇ ಹೇಳಿದರು, ನೋಡಿದವರು ಬೆರಗಾದರು. ಸತ್ಯ ಹೇಳಿದ್ದರಿಂದ ಬೆರಗು ಒಂದಿನಿತೂ ಕಡಿಮೆಯಾಗಲಿಲ್ಲ. ಇನ್ನೊಂದು ಕಡೆ, ಲಂಡನ್ನಿನ 'ವೈಲ್ಡ್‌ಲೈಫ್ ಫೋಟೋಗ್ರಾಫರ್ ಆಫ್ ದಿ ಇಯರ್' ಸ್ಪರ್ಧೆಯಲ್ಲಿ 2017ರಲ್ಲಿ ಒಂದು ವಿಭಾಗದ ಬಹುಮಾನ ಗೆದ್ದ ಇರುವೆಭಕ್ಷಕದ ಚಿತ್ರ. ಅದರಲ್ಲಿರುವುದು ತೊಗಲಿಗೆ ಹುಲ್ಲು ತುಂಬಿದಂಥ ಬೊಂಬೆ ಎಂದು ತೀರ್ಮಾನಿಸಿ, 2018ರಲ್ಲಿ ಬಹುಮಾನ ಹಿಂದಕ್ಕೆ ಪಡೆದರು. ಅಷ್ಟು ದೊಡ್ಡವರೇ ತಿದ್ದಿಕೊಂಡರೆ ನಮ್ಮ ಊರಿನವರಿಗೇನು ಅಡ್ಡಿ?

ನಾನು ಕೇಳುವುದು ಎರಡೇ ಸಾಲು. ಚಿತ್ರದ ಕೆಳಗೆ, ಎಷ್ಟು ಫೋಟೋಗಳನ್ನು ಜೋಡಿಸಿದ್ದು ಎಂದು ಒಂದು ಸಾಲು. ಹುಳ ಬದುಕಿತ್ತೇ, ತನ್ನ ಜಾಗದಲ್ಲೇ ಇತ್ತೇ ಎಂದು ಇನ್ನೊಂದು. ಒಣದ್ರಾಕ್ಷಿ ಕೊಳ್ಳುವಾಗ ಗಂಧಕದ ಹೊಗೆ ಕೊಟ್ಟಿದ್ದೋ ಇಲ್ಲವೋ ಎಂದು ಅಂಗಡಿಯವನನ್ನು ಹಿಡಿದು ಕೇಳುವವರು ನಾವು. ಮುಂದಿನ ಪ್ರದರ್ಶನಕ್ಕೆ ಮಕ್ಕಳನ್ನು ಕರೆದುಕೊಂಡು ಹೋದಾಗ, ಚೆಂದದ ಮಿಡತೆಯ ಮುಂದೆ ನಿಂತು ಅಷ್ಟೇ ದನಿಯೆತ್ತಿ ಕೇಳಿ: 'ಇದನ್ನು ಎಲ್ಲಿ ತೆಗೆದಿರಿ, ಹೊಲದಲ್ಲೋ ಫ್ರಿಜ್ಜಿನಲ್ಲೋ?' ಹೊಲದಲ್ಲಿ ತೆಗೆದವರು ಖುಷಿಯಿಂದ ಹೇಳುತ್ತಾರೆ.