ಮೊಲ ತರೋ ಮೊದಲು ಹುಲ್ಲು ಬೆಳೆಸಿ

ಮೊಲ ಸಾಕಬೇಕು ಅಂತ ಫೋನ್ ಮಾಡುವ ಗೆಳೆಯರು ಕೇಳೋದು ಎರಡೇ ಪ್ರಶ್ನೆ: ಯಾವ ತಳಿ? ಎಷ್ಟು ದಿನಕ್ಕೆ ಎರಡು ಕೆ.ಜಿ. ಬರುತ್ತೆ? 'ಹುಲ್ಲು ಎಲ್ಲಿದೆ?' ಅಂತ ತಿರುಗಿ ಕೇಳಿದರೆ ಸುಮ್ಮನಾಗ್ತಾರೆ. ನನ್ನ ಪ್ರಕಾರ ಲಾಭ-ನಷ್ಟ ತೀರ್ಮಾನ ಆಗೋದೇ ಅಲ್ಲಿ.

ಈ ಪಾಠ ನಾನು ದುಡ್ಡು ಕಳೆದುಕೊಂಡು ಕಲಿತಿದ್ದು. ತೋಟಗಾರಿಕೆ ಪದವಿ ಮುಗಿಸಿ ಸಾವಯವ ತರಕಾರಿಗೆ ಇಳಿದಾಗ, ಗೊಬ್ಬರಕ್ಕೂ ಆಯ್ತು, ಕೈಗೆ ಕಾಸೂ ಆಯ್ತು ಅಂತ ನಾಲ್ಕು ನ್ಯೂಜಿಲೆಂಡ್ ವೈಟ್ ಹೆಣ್ಣು, ಒಂದು ಗಂಡು ತಂದೆ. ಮೊದಲ ಮರಿಗಳನ್ನು ತಾಯಿಯಿಂದ ಬೇರೆ ಮಾಡಿದ ದಿನವೇ, ಬೇಗ ತೂಕ ಬರಲಿ ಅಂತ ಮೆಕ್ಕೆಜೋಳದ ನುಚ್ಚು, ಬೂಸಾ ಧಾರಾಳವಾಗಿ ಸುರಿದೆ. ಹುಲ್ಲು ನೆಪಕ್ಕಷ್ಟೇ. ಮೊದಲ ವಾರ ಚೆನ್ನಾಗೇ ಬೆಳೆದವು. ಎರಡನೇ ವಾರ ಹೊಟ್ಟೆ ಉಬ್ಬರ, ನೀರು ಭೇದಿ. 23 ಮರಿಗಳಲ್ಲಿ ಉಳಿದಿದ್ದು 9. ಹಿಕ್ಕೆ ಪರೀಕ್ಷೆ ಮಾಡಿಸಿದರೆ ಕಾಕ್ಸಿಡಿಯಾ ಇರಲಿಲ್ಲ. 'ಮೇವು ಬದಲಾಯಿಸಪ್ಪಾ' ಅಂದ್ರು ಪಶುವೈದ್ಯರು.

ಕಾರಣ ಸರಳ. ಮೊಲದ ಕರುಳಲ್ಲಿ ಕುರುಡು ಕರುಳು ಅಂತ ಒಂದು ದೊಡ್ಡ ಚೀಲ ಇದೆ. ಅಲ್ಲಿನ ಸೂಕ್ಷ್ಮಾಣುಗಳಿಗೆ ನಾರು ಬೇಕು. ಕರುಳು ಚಲಿಸ್ತಾ ಇರೋಕೂ ನಾರೇ ಬೇಕು. ಈಗಷ್ಟೇ ಹಾಲು ಬಿಟ್ಟ ಮರಿಗೆ ಪಿಷ್ಟ ಪೂರ್ತಿ ಅರಗಿಸೋ ಶಕ್ತಿ ಬಂದಿರಲ್ಲ. ಮಿಕ್ಕ ಪಿಷ್ಟ ಆ ಚೀಲಕ್ಕಿಳಿದು ಹುಳಿಯುತ್ತೆ, ಕೆಟ್ಟ ಬ್ಯಾಕ್ಟೀರಿಯಾ ಹೆಚ್ಚಿ ವಿಷ ಉಗುಳುತ್ತವೆ. ಮೊಲಕ್ಕೆ ವಾಂತಿ ಮಾಡೋಕೂ ಬರಲ್ಲ. ಸಂಜೆ ಚೆನ್ನಾಗಿದ್ದ ಮರಿ ಬೆಳಿಗ್ಗೆ ಸತ್ತಿರುತ್ತೆ.

ಹಾಗಂತ ಬರೀ ಹುಲ್ಲು ಹಾಕಿ ಅಂತ ಹೇಳ್ತಿಲ್ಲ. ಹಾಗೆ ಮಾಡಿದರೆ ಬೆಳವಣಿಗೆ ಕುಂಟುತ್ತೆ. ಫೀಡ್ ಚೀಲದ ಮೇಲೆ ಪ್ರೋಟೀನ್ ಜೊತೆ ನಾರನ್ನೂ ಓದಿ. ಪ್ರೋಟೀನ್ ಶೇ. 16 ಇದ್ದರೆ ಸಾಕು, ನಾರು ಶೇ. 14ಕ್ಕಿಂತ ಕಮ್ಮಿ ಇರಬಾರದು. ಹಾಲು ಬಿಟ್ಟ ಮರಿಗೆ ನಾನು ದಿನಕ್ಕೆ 50 ಗ್ರಾಂ ಫೀಡ್, 150 ಗ್ರಾಂ ಹಸಿರು ಮೇವಿನಿಂದ ಶುರು ಮಾಡ್ತೀನಿ. ಒಣಗಿಸಿದ ಗಿನಿ ಹುಲ್ಲು ಮತ್ತು ಶುದ್ಧ ನೀರು ಯಾವಾಗಲೂ ಎದುರಿಗೇ ಇರಬೇಕು. ಕುದುರೆ ಮಸಾಲೆ, ಬೇಲಿ ಮೆಂತೆ, ಹಿಪ್ಪುನೇರಳೆ ಸೊಪ್ಪು ಒಳ್ಳೇದು, ಆದರೆ ಔಷಧಿ ಹೊಡೆದ ತೋಟದ್ದು ಬೇಡ. ಹಸಿ ಮೇವನ್ನು ನೆರಳಲ್ಲಿ ಬಾಡಿಸಿ ಕೊಡಿ. ಸುಬಾಬುಲ್ ಜಾಸ್ತಿ ಆದರೆ ಕೂದಲು ಉದುರುತ್ತೆ. ಬೂಸು ಹಿಡಿದ ಕಡಲೇಕಾಯಿ ಹಿಂಡಿ ಮುಟ್ಟಲೇಬೇಡಿ. ಮೇವು ಬದಲಿಸುವಾಗ 7ರಿಂದ 10 ದಿನ ತಗೊಳ್ಳಿ, ಹಳೇದರ ಜೊತೆ ಹೊಸದನ್ನು ಸ್ವಲ್ಪ ಸ್ವಲ್ಪ ಸೇರಿಸಿ.

ಇನ್ನೊಂದು ವಿಷಯ. ಮೊಲ ತನ್ನ ಮೆತ್ತನೆ ಹಿಕ್ಕೆಯನ್ನು ತಾನೇ ತಿನ್ನುತ್ತೆ. ಅದು ಕಾಯಿಲೆ ಅಲ್ಲ, ಅದರಿಂದಲೇ ಅದಕ್ಕೆ ಬಿ ವಿಟಮಿನ್, ಪ್ರೋಟೀನ್ ಸಿಗೋದು. ದ್ರಾಕ್ಷಿ ಗೊಂಚಲಿನಂಥ ಈ ಹಿಕ್ಕೆ ತಿನ್ನದೆ ಗೂಡಿನ ಕೆಳಗೆ ಬಿದ್ದಿದ್ದರೆ ಫೀಡ್ ಜಾಸ್ತಿ ಆಗಿರಬಹುದು, ಕಮ್ಮಿ ಮಾಡಿ ನೋಡಿ. ಭೇದಿ ಶುರುವಾದರೆ ಫೀಡ್ ನಿಲ್ಲಿಸಿ, ಒಣಹುಲ್ಲು-ನೀರು ಇಟ್ಟು ವೈದ್ಯರಿಗೆ ತೋರಿಸಿ. ಮೇಕೆಗೆ ತಂದ ಆಂಟಿಬಯೋಟಿಕ್ ಕುಡಿಸೋ ತಪ್ಪು ಮಾಡಬೇಡಿ. ಅಮಾಕ್ಸಿಸಿಲಿನ್‌ನಂಥವು ಬಾಯಿಂದ ಹೋದರೆ ಕರುಳಿನ ಒಳ್ಳೆ ಬ್ಯಾಕ್ಟೀರಿಯಾ ಸತ್ತು ಮೊಲವೂ ಸಾಯಬಹುದು.

ಈಗ ನನ್ನ ಮರಿಗಳು ಎರಡು ಕೆ.ಜಿ. ಮುಟ್ಟೋಕೆ ವಿಡಿಯೋದವರು ಹೇಳೋದಕ್ಕಿಂತ ಎರಡು ವಾರ ಜಾಸ್ತಿ ಬೇಕು. ಬೇಜಾರಿಲ್ಲ, ಸತ್ತ ಮರಿಯ ತೂಕಕ್ಕೆ ಯಾರೂ ದುಡ್ಡು ಕೊಡಲ್ಲ. ಅದಕ್ಕೇ ಹೇಳೋದು, ಗೂಡಿಗೆ ಅಡ್ವಾನ್ಸ್ ಕೊಡೋ ಎರಡು-ಮೂರು ತಿಂಗಳು ಮೊದಲೇ ಬದುವಿನ ಮೇಲೆ ಗಿನಿ ಹುಲ್ಲು ನೆಡಿ. ಹುಲ್ಲು ಕೊಯ್ಲಿಗೆ ಬಂದ ಮೇಲೆ ಮೊಲ ತನ್ನಿ.