ತೊಟ್ಟಿಕ್ಕುವ ಎಣ್ಣೆಯ ಮೂಲ ಎಲ್ಲಿ?

ಭದ್ರಾವತಿಯಿಂದ ಮಗಳನ್ನು ಶಿವಮೊಗ್ಗದ ಕಾಲೇಜಿಗೆ ಬಿಟ್ಟುಬರುವ ಹಳೆಯ ಮಾರುತಿ 800 ನಿಂತಲ್ಲೆಲ್ಲ ಎಣ್ಣೆ ತೊಟ್ಟಿಕ್ಕುತ್ತದೆ ಎನ್ನಿ. ‘ಎಂಜಿನ್ ಇಳಿಸಬೇಕು’ ಎಂಬ ಮಾತು ಕೇಳಿದೊಡನೆ ತಂದೆಗೆ ನೆನಪಾಗುವುದು ಕಾಲೇಜಿನ ಫೀಸು. ಅವಸರ ಬೇಡ. ಎಣ್ಣೆ ಬೀಳುವ ಜಾಗವೇ ಸೋರುವ ಜಾಗವಾಗಿರಬೇಕೆಂದಿಲ್ಲ. ಮೇಲೆ ಜಿನುಗಿದ್ದು ಕೆಳಗಿಳಿಯುತ್ತದೆ. ಗಾಡಿ ಓಡುವಾಗ ಗಾಳಿಗೆ ಹಿಂದಕ್ಕೂ ಸರಿಯುತ್ತದೆ.

ತಣ್ಣಗಾದ ಎಂಜಿನ್ನನ್ನು ಡೀಸೆಲ್ ಅದ್ದಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿ. ಸಂಶಯವಿರುವ ಕಡೆ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿ. ಸ್ವಲ್ಪ ಹೊತ್ತು ಎಂಜಿನ್ ಓಡಿಸಿ, ಆರಿಸಿ, ಟಾರ್ಚ್ ಹಾಕಿ ನೋಡಿ. ಪೌಡರಿನಲ್ಲಿ ಒದ್ದೆ ಗೆರೆ ಮೂಡಿರುತ್ತದೆ. ಅದರ ಮೇಲ್ತುದಿಯೇ ಮೂಲ.

ಬಹಳ ಸಲ ಅದು ಟ್ಯಾಪೆಟ್ ಕವರಿನ ಪ್ಯಾಕಿಂಗ್, ಇಲ್ಲವೇ ಎಣ್ಣೆ ಇಳಿಸುವ ಬೋಲ್ಟಿನ ವಾಷರ್. ಖರ್ಚು ಅಲ್ಪ. ಬೋಲ್ಟನ್ನು ಅತಿಯಾಗಿ ಬಿಗಿದರೆ ಕವರ್ ಸೊಟ್ಟಗಾಗಿ ಸೋರಿಕೆ ಹೆಚ್ಚೀತು. ಗೇರ್‌ಬಾಕ್ಸ್ ಕಡೆಯ ಸೀಲು ಹೋಗಿದ್ದರೆ ಮಾತ್ರ ದೊಡ್ಡ ಕೆಲಸ.

ಅಲ್ಲಿಯವರೆಗೆ ದಿನವೂ ಗೇಜ್ ಕಡ್ಡಿಯಲ್ಲಿ ಎಣ್ಣೆಯ ಮಟ್ಟ ನೋಡಿ. ಓಡುವಾಗ ಎಣ್ಣೆಯ ಕೆಂಪು ದೀಪ ಹತ್ತಿದರೆ ಕೂಡಲೇ ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ. 1923ರಲ್ಲೇ ಕಬ್ಬಿಣದ ಕಾರ್ಖಾನೆ ಕಂಡ ಭದ್ರಾವತಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಎಣ್ಣೆಯಿಲ್ಲದೆ ಉಜ್ಜಿದರೆ ಕಬ್ಬಿಣವನ್ನು ಕಬ್ಬಿಣವೇ ತಿನ್ನುತ್ತದೆ.