ಮಾತನಾಡದ ಮಗು ಮತ್ತು ನಮ್ಮ ಮಾತುಗಳು

ಮೂರು ವರ್ಷ ತುಂಬಿದರೂ ಮಾತು ಬಾರದ ಮಗುವನ್ನು ಎತ್ತಿಕೊಂಡು ಮದುವೆ ಮನೆಗೆ ಬರುವ ತಾಯಿ ಏನೇನು ಕೇಳಿಸಿಕೊಳ್ಳಬೇಕಾಗುತ್ತದೆ ಎಂಬುದು ನಮಗೆ ಚೆನ್ನಾಗಿ ಗೊತ್ತು. ಏಕೆಂದರೆ ಅದನ್ನು ಹೇಳುವವರು ನಾವೇ. "ಇವನ ಅಪ್ಪನೂ ತಡವಾಗಿಯೇ ಮಾತನಾಡಿದ್ದು, ಗಂಡುಮಕ್ಕಳು ಹಾಗೆಯೇ" ಎನ್ನುತ್ತಾರೆ ಒಬ್ಬರು. "ಯಾರದೋ ಕಣ್ಣು ಬಿದ್ದಿದೆ, ಉಸ್ತಾದರ ಬಳಿ ಊದಿಸಿಕೊಂಡು ಬನ್ನಿ" ಎನ್ನುತ್ತಾರೆ ಇನ್ನೊಬ್ಬರು. "ಕೈಗೆ ಮೊಬೈಲ್ ಕೊಟ್ಟು ಕೂರಿಸಿದ್ದಾಳೆ, ಮಗು ಇನ್ನೇನಾದೀತು" ಎಂದು ಬೆನ್ನ ಹಿಂದೆ ಮತ್ತೊಬ್ಬರು. ಆಕೆ ಧೈರ್ಯ ಮಾಡಿ ತಜ್ಞ ವೈದ್ಯರಿಗೆ ತೋರಿಸುತ್ತೇನೆ ಎಂದಾಗ ಮಾತ್ರ ನಾವೆಲ್ಲರೂ ಒಂದಾಗುತ್ತೇವೆ: "ಚಿನ್ನದಂತಹ ಮಗುವನ್ನು ಹುಚ್ಚರ ಡಾಕ್ಟರ ಬಳಿಗೆ ಕರೆದೊಯ್ಯುತ್ತೀಯಾ?"

ಆ ತಾಯಿಗೆ ಉಪದೇಶ ಮಾಡುವವರು ಈಗಾಗಲೇ ಸಾಕಷ್ಟಿದ್ದಾರೆ. ಉಪದೇಶದ ಅಗತ್ಯವಿರುವುದು ನಮಗೆ.

ಮಗುವಿನ ಬೆಳವಣಿಗೆಗೆ ಒಂದು ಕ್ರಮವಿದೆ. ಒಂದು ವರ್ಷ ತುಂಬಿದರೂ ಹೆಸರು ಹಿಡಿದು ಕರೆದಾಗ ತಿರುಗಿ ನೋಡದಿರುವುದು, ಒಂದೂವರೆ ವರ್ಷವಾದರೂ ಬೇಕಾದುದನ್ನು ಬೆರಳು ಮಾಡಿ ತೋರಿಸದಿರುವುದು, 16 ತಿಂಗಳಾದರೂ ಒಂದು ಪದವನ್ನೂ ಆಡದಿರುವುದು, ಎರಡು ವರ್ಷವಾದರೂ ತಾನಾಗಿಯೇ ಎರಡು ಪದ ಕೂಡಿಸಿ ಹೇಳದಿರುವುದು, ಆಡುತ್ತಿದ್ದ ಮಾತು ಯಾವುದೇ ವಯಸ್ಸಿನಲ್ಲಿ ನಿಂತುಹೋಗುವುದು - ಇವು ತಪಾಸಣೆ ಮಾಡಿಸಬೇಕಾದ ಸೂಚನೆಗಳು. ಇವುಗಳಲ್ಲಿ ಒಂದು ಕಂಡುಬಂದ ಮಾತ್ರಕ್ಕೆ ಮಗುವಿಗೆ ಆಟಿಸಂ ಇದೆ ಎಂದು ತೀರ್ಮಾನಿಸುವಂತಿಲ್ಲ. ಬಹುಶಃ ಮಗುವಿಗೆ ಕಿವಿ ಸರಿಯಾಗಿ ಕೇಳಿಸದಿರಬಹುದು. ಬುದ್ಧಿಯ ಬೆಳವಣಿಗೆ ನಿಧಾನವಾಗಿರಬಹುದು. ನಿಜವಾಗಿಯೂ ಮಾತು ಮಾತ್ರ ತಡವಾಗಿರಬಹುದು. ಇವುಗಳಲ್ಲಿ ಯಾವುದು ಎಂದು ಹೇಳಬಲ್ಲವರು ಪರೀಕ್ಷಿಸಿದ ತಜ್ಞರು. ಮದುವೆ ಊಟದ ಪಂಕ್ತಿಯಲ್ಲಿ ಕುಳಿತವರಲ್ಲ. ಶೈಶವದಲ್ಲಿ ಮಗುವಿನ ಮೆದುಳು ಅತ್ಯಂತ ವೇಗವಾಗಿ ಬೆಳೆಯುತ್ತಿರುತ್ತದೆ. "ಇನ್ನೊಂದು ವರ್ಷ ನೋಡೋಣ" ಎಂದು ನಾವು ಹಗುರವಾಗಿ ಹೇಳುವ ಆ ಒಂದು ವರ್ಷ ಮಗುವಿನ ಪಾಲಿಗೆ ಅಮೂಲ್ಯವಾದುದು. ಅದನ್ನು ಮರಳಿಸಿ ಕೊಡಲು ನಮ್ಮಿಂದ ಸಾಧ್ಯವಿಲ್ಲ.

ನಮ್ಮ ಈ ಉದಾಸೀನಕ್ಕೆ ನಾವು ಧರ್ಮದ ಬಟ್ಟೆ ತೊಡಿಸುತ್ತೇವೆ ಎಂಬುದೇ ಹೆಚ್ಚಿನ ದುರಂತ. ಇದು ಅಲ್ಲಾಹನ ವಿಧಿ, ಸಬ್ರ್ ಇರಲಿ ಎನ್ನುತ್ತೇವೆ. ಅದೇ ವಿಧಿಯ ಮಾತನ್ನು ನಮಗೆ ಎದೆನೋವು ಬಂದಾಗ ಹೇಳುತ್ತೇವೆಯೇ? ರಾತ್ರೋರಾತ್ರಿ ಕಾರು ಮಾಡಿಕೊಂಡು ಮಂಗಳೂರಿಗೋ ಬೆಂಗಳೂರಿಗೋ ಧಾವಿಸುತ್ತೇವೆ. ನಮ್ಮ ಎದೆನೋವಿಗೆ ಆಂಜಿಯೋಗ್ರಾಮ್, ಮಗುವಿನ ಮೌನಕ್ಕೆ ಮಂತ್ರಿಸಿದ ನೂಲು - ಇದು ಯಾವ ನ್ಯಾಯ? ರೋಗಕ್ಕೆ ಚಿಕಿತ್ಸೆ ಪಡೆಯಬೇಕೆಂದು ತಮ್ಮ ಅನುಯಾಯಿಗಳಿಗೆ ಆದೇಶಿಸಿದವರು ಪ್ರವಾದಿ ಮುಹಮ್ಮದ್(ಸ). ಒಂಟೆಯನ್ನು ಕಟ್ಟಿ ಆಮೇಲೆ ಅಲ್ಲಾಹನ ಮೇಲೆ ಭರವಸೆಯಿಡಬೇಕೆಂದು ತವಕ್ಕುಲ್‌ನ ಅರ್ಥವನ್ನು ಕಲಿಸಿಕೊಟ್ಟವರೂ ಅವರೇ. ತಿಳಿಯದಿದ್ದರೆ ಬಲ್ಲವರನ್ನು ಕೇಳಬೇಕೆಂಬುದು ಪವಿತ್ರ ಕುರ್‌ಆನಿನ ಬೋಧನೆ. ದುಆ ಮತ್ತು ಕುರ್‌ಆನ್ ಪಾರಾಯಣಕ್ಕೆ ಅವುಗಳದ್ದೇ ಆದ ಸ್ಥಾನವಿದೆ, ಅದನ್ನು ಯಾರೂ ಕಸಿಯಬೇಕಿಲ್ಲ. ಆದರೆ ಹೆತ್ತವರ ಭಯವನ್ನೇ ಬಂಡವಾಳ ಮಾಡಿಕೊಂಡು, ಮಗುವಿನ ಮೇಲೆ ಜಿನ್ನ್ ಇದೆ ಎಂದು ಸಾವಿರಾರು ರೂಪಾಯಿ ಸುಲಿಯುವವರು ಧರ್ಮದ ಸೇವಕರಲ್ಲ. ಅವರ ಮನೆಯ ವಿಳಾಸವನ್ನು ಆ ತಾಯಿಗೆ ಕೊಟ್ಟವರು ನಾವೆಂಬುದನ್ನೂ ಮರೆಯದಿರೋಣ.

ಈ ಸಂದರ್ಭದಲ್ಲಿ ನಾವು ಮೂಸಾ(ಅ)ರನ್ನು ನೆನಪಿಸಿಕೊಳ್ಳಬೇಕು. ಫಿರ್‌ಔನನ ಬಳಿಗೆ ಹೋಗಬೇಕೆಂಬ ಆಜ್ಞೆ ಬಂದಾಗ ಅವರು ತಮ್ಮ ನಾಲಗೆಯ ತೊಡಕನ್ನು ಮುಚ್ಚಿಡಲಿಲ್ಲ. ಅದನ್ನು ಹೆಸರಿಸಿ ಅಲ್ಲಾಹನ ಮುಂದಿಟ್ಟರು. ಆ ಗಂಟನ್ನು ಸಡಿಲಿಸಬೇಕೆಂದು ಬೇಡಿದರು. ತಮಗಿಂತ ಸ್ಫುಟವಾಗಿ ಮಾತನಾಡಬಲ್ಲ ಸಹೋದರ ಹಾರೂನ್(ಅ)ರನ್ನು ಸಹಾಯಕರಾಗಿ ಕೊಡಬೇಕೆಂದು ಕೇಳಿಕೊಂಡರು. ಸೂರಃ ತ್ವಾಹಾದಲ್ಲಿ ನಾವು ಮತ್ತೆ ಮತ್ತೆ ಓದುವ ಈ ಪ್ರಸಂಗದಲ್ಲಿ ಪ್ರವಾದಿಯೊಬ್ಬರು ತಮ್ಮ ಕಷ್ಟವನ್ನು ಗುರುತಿಸಿದ್ದೂ ಇದೆ, ನೆರವು ಕೋರಿದ್ದೂ ಇದೆ. ಅಲ್ಲಾಹನು ಅವರ ಬೇಡಿಕೆಯನ್ನು ಈಡೇರಿಸಿದನು. ಅವರ ಮಾತಿನ ಅಸ್ಪಷ್ಟತೆಯನ್ನು ಹಿಡಿದು ಹೀಯಾಳಿಸಿದವನು ಫಿರ್‌ಔನ್. ಮಗುವಿನ ಮಾತಿನ ಬಗ್ಗೆ ಪಿಸುಗುಟ್ಟುವ ಮೊದಲು ಈ ಪ್ರಸಂಗದಲ್ಲಿ ನಮ್ಮ ಸ್ಥಾನ ಯಾವ ಕಡೆಗಿದೆ ಎಂದು ಯೋಚಿಸುವುದು ಒಳ್ಳೆಯದು.

ಪರೀಕ್ಷೆ ಮಾಡಿಸಿದರೆ ಮಗುವಿಗೆ ಹಣೆಪಟ್ಟಿ ಅಂಟಿಕೊಳ್ಳುತ್ತದೆ ಎಂಬುದು ವಿದ್ಯಾವಂತರೆನಿಸಿಕೊಂಡವರ ವಾದ. ಹಣೆಪಟ್ಟಿಯನ್ನು ನಾವು ಎಂದೋ ಅಂಟಿಸಿಯಾಗಿದೆ: ಹಠಮಾರಿ, ಸೋಮಾರಿ, ಪೆದ್ದ, ಹುಚ್ಚ. ವೈದ್ಯರು ಕೊಡುವ ಹೆಸರು ಮಗುವನ್ನು ಈ ಹೆಸರುಗಳಿಂದ ಬಿಡುಗಡೆ ಮಾಡುತ್ತದೆ. ಅದರೊಂದಿಗೆ ಕೆಲವು ಹಕ್ಕುಗಳೂ ಬರುತ್ತವೆ. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆ 21 ಬಗೆಯ ನ್ಯೂನತೆಗಳನ್ನು ಗುರುತಿಸಿದೆ. ಆಟಿಸಂ, ಬೌದ್ಧಿಕ ನ್ಯೂನತೆ, ಕಲಿಕಾ ನ್ಯೂನತೆ, ಮಾತು ಮತ್ತು ಭಾಷೆಯ ನ್ಯೂನತೆಗಳು ಅದರಲ್ಲಿ ಸೇರಿವೆ. ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ನ್ಯೂನತೆಯಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕನ್ನು ಅದು ನೀಡಿದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ನ್ಯೂನತೆ ಮತ್ತು ಬಹುವಿಧ ನ್ಯೂನತೆ ಇರುವವರಿಗೆ ರಾಷ್ಟ್ರೀಯ ನ್ಯಾಸದ ನಿರಾಮಯ ಯೋಜನೆಯಲ್ಲಿ 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆ ಇದೆ. ಇವೆಲ್ಲವೂ ಆರಂಭವಾಗುವುದು ಒಂದು ಪ್ರಮಾಣಪತ್ರದಿಂದ, ಪ್ರಮಾಣಪತ್ರ ಸಿಗುವುದು ಪರೀಕ್ಷೆಯಿಂದ. ಮುಚ್ಚಿಟ್ಟ ಮಗುವಿನ ಹೆಸರಿನಲ್ಲಿ ಯಾವ ಸರಕಾರವೂ ಯಾವ ಸೌಲಭ್ಯವನ್ನೂ ಕೊಡಲಾರದು.

ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆಗೂ ಉತ್ತರವಿದೆ. 2013ರಿಂದ ಜಾರಿಯಲ್ಲಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯ ತಂಡಗಳು ಅಂಗನವಾಡಿಗಳಿಗೆ ಮತ್ತು ಸರಕಾರಿ ಶಾಲೆಗಳಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತವೆ. ಅಗತ್ಯವಿರುವ ಮಕ್ಕಳನ್ನು ಜಿಲ್ಲಾ ಮಟ್ಟದ ಕೇಂದ್ರಕ್ಕೆ ಕಳುಹಿಸುತ್ತವೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗಾಗಿಯೇ ಪ್ರತ್ಯೇಕ ವಿಭಾಗವಿದೆ. ದೇಶದ ಬೇರೆ ಭಾಗಗಳ ಜನರು ಹುಡುಕಿಕೊಂಡು ಬರುವ ಈ ಸಂಸ್ಥೆಗಳು ನಮ್ಮ ನಾಡಿನಲ್ಲೇ ಇವೆ. ದಾರಿ ಸುಲಭವೆಂದು ನಾವು ಹೇಳುತ್ತಿಲ್ಲ. ಸರದಿ ಕಾಯಬೇಕು, ಪದೇ ಪದೇ ಹೋಗಬೇಕು, ಕಲಿಸಿಕೊಟ್ಟುದನ್ನು ಮನೆಯಲ್ಲಿ ಪ್ರತಿದಿನ ಅಭ್ಯಾಸ ಮಾಡಿಸಬೇಕು. ಆಟಿಸಂ ಜ್ವರದಂತೆ ಬಂದುಹೋಗುವ ಕಾಯಿಲೆಯಲ್ಲ. ಅದನ್ನು ಸಂಪೂರ್ಣ ಗುಣಪಡಿಸುತ್ತೇನೆಂದು ಜಾಹೀರಾತು ನೀಡುವವನನ್ನೂ, ನೂಲು ಕಟ್ಟಿ ಇಳಿಸುತ್ತೇನೆನ್ನುವವನನ್ನೂ ಸಮಾನವಾಗಿ ಸಂಶಯಿಸಬೇಕು. ಸರಿಯಾದ ತರಬೇತಿಯಿಂದ ಮಗು ತನ್ನ ಬೇಕುಬೇಡಗಳನ್ನು ತಿಳಿಸಲು, ತನ್ನ ಕೆಲಸ ತಾನು ಮಾಡಿಕೊಳ್ಳಲು, ಇತರರೊಂದಿಗೆ ಬೆರೆಯಲು ಕಲಿಯುತ್ತದೆ. ಎಷ್ಟು ಎಂಬುದು ಮಗುವಿನಿಂದ ಮಗುವಿಗೆ ಬೇರೆ.

ಇನ್ನು ತಾಯಿಯ ಮೇಲಿನ ಆರೋಪ. ಇದು ನಮ್ಮಲ್ಲಿ ಮಾತ್ರ ಇರುವ ಚಾಳಿಯಲ್ಲ. ಕಳೆದ ಶತಮಾನದ ಮಧ್ಯಭಾಗದಲ್ಲಿ ತಾಯಿಯ ಪ್ರೀತಿಯ ಕೊರತೆಯಿಂದಲೇ ಆಟಿಸಂ ಉಂಟಾಗುತ್ತದೆಂದು ಪಾಶ್ಚಾತ್ಯ ವಿದ್ವಾಂಸರೇ ಪ್ರತಿಪಾದಿಸಿದ್ದರು. 1964ರಲ್ಲಿ ಅಮೆರಿಕದ ಬರ್ನಾರ್ಡ್ ರಿಮ್ಲೆಂಡ್ ಎಂಬ ಮನಶ್ಶಾಸ್ತ್ರಜ್ಞರು ಗ್ರಂಥವೊಂದನ್ನು ಬರೆದು ಆ ವಾದವನ್ನು ಖಂಡಿಸಿದರು. ಅವರು ಸ್ವತಃ ಆಟಿಸಂ ಇರುವ ಬಾಲಕನ ತಂದೆಯಾಗಿದ್ದರು. ಇಂದು ವೈದ್ಯವಿಜ್ಞಾನ ಆ ವಾದವನ್ನು ಸಂಪೂರ್ಣವಾಗಿ ಕೈಬಿಟ್ಟಿದೆ. ನಮ್ಮ ಮನೆಗಳ ಅತ್ತೆ, ನಾದಿನಿ, ಕೆಲವೊಮ್ಮೆ ಗಂಡಂದಿರು ಮಾತ್ರ ಇನ್ನೂ ಬಿಟ್ಟಿಲ್ಲ. ಮಗುವನ್ನು ಕಂಕುಳಲ್ಲಿಟ್ಟುಕೊಂಡು ಬಸ್ಸು ಹಿಡಿದು ಆಸ್ಪತ್ರೆಗೆ ಅಲೆಯುವವಳು ತಾಯಿ. ವರದಿ ಬಂದಾಗ ಬೈಸಿಕೊಳ್ಳುವವಳೂ ಆಕೆಯೇ. ಅಕ್ಕನಿಗೆ ವರ ಸಿಗುವುದಿಲ್ಲವೆಂದು ತಮ್ಮನನ್ನು ಒಳಕೋಣೆಯಲ್ಲಿ ಬಚ್ಚಿಡಬೇಕಾದವಳೂ ಆಕೆಯೇ. ಮಗ ಅಮಾನತ್ ಎಂದು ವೇದಿಕೆಯಲ್ಲಿ ಭಾಷಣ ಮಾಡುವ ತಂದೆಯಂದಿರು ಆ ಅಮಾನತಿನ ತೂಕವನ್ನು ಒಂದು ದಿನವಾದರೂ ಹೊತ್ತು ನೋಡಲಿ. ಇಂತಹ ತಮ್ಮನಿದ್ದಾನೆಂಬ ಕಾರಣಕ್ಕೆ ಸಂಬಂಧವನ್ನು ಮುರಿಯುವವರು ತಮ್ಮ ಮನೆಗೆ ಎಂತಹ ಮಗು ಬರಬಹುದೆಂಬುದನ್ನು ತಾವೇ ನಿರ್ಧರಿಸಬಲ್ಲೆವೆಂದು ಭಾವಿಸಿದ್ದಾರೆಯೇ?

ಕೊನೆಯದಾಗಿ ನಮ್ಮ ಜಮಾಅತ್‌ಗಳಿಗೆ ಒಂದು ಮಾತು. ಕುರುಡರಾದ ಅಬ್ದುಲ್ಲಾ ಇಬ್ನು ಉಮ್ಮು ಮಕ್ತೂಮ್(ರ) ಪ್ರವಾದಿ(ಸ)ರ ಬಳಿ ಜ್ಞಾನ ಅರಸಿ ಬಂದಾಗ ಅವರಿಗೆ ಗಮನ ಸಿಗಬೇಕಿತ್ತೆಂದು ತಿಳಿಸಲು ಕುರ್‌ಆನಿನ ಸೂಕ್ತಗಳೇ ಅವತೀರ್ಣವಾದವು. ಅವರು ಮುಂದೆ ಪ್ರವಾದಿ(ಸ)ರ ಮಸೀದಿಯ ಮುಅದ್ದಿನ್ ಆದರು. ನಮ್ಮ ಮಸೀದಿಗಳಲ್ಲೋ, ಸಫ್‌ನಲ್ಲಿ ಸುಮ್ಮನೆ ನಿಲ್ಲಲಾರದ ಮಗುವಿನ ತಂದೆ ಹತ್ತು ಜನರ ಕೆಂಗಣ್ಣಿಗೆ ಗುರಿಯಾಗಿ ಮುಂದಿನ ಜುಮಾಕ್ಕೆ ಒಬ್ಬನೇ ಬರುತ್ತಾನೆ. ಮದ್ರಸದಲ್ಲಿ ಪಾಠ ಒಪ್ಪಿಸಲಾರದ ಮಗುವಿಗೆ ಬೆತ್ತದ ರುಚಿ ಸಿಗುತ್ತದೆ, ಆಮೇಲೆ ದಾಖಲಾತಿಯೇ ರದ್ದಾಗುತ್ತದೆ. ಇದು ಬದಲಾಗಬೇಕು. ಮದ್ರಸದ ಅಧ್ಯಾಪಕರಿಗೆ ಈ ಸೂಚನೆಗಳನ್ನು ಗುರುತಿಸುವ ತರಬೇತಿ ಸಿಗಲಿ. ಬಡ ಹೆತ್ತವರ ಪ್ರಯಾಣ ಮತ್ತು ತರಬೇತಿಯ ವೆಚ್ಚಕ್ಕೆ ಝಕಾತ್ ನಿಧಿಯಿಂದ ನೆರವಾಗಲಿ. ಬಡವರು ಮತ್ತು ನಿರ್ಗತಿಕರು ಅದರ ಹಕ್ಕುದಾರರಲ್ಲಿ ಮೊದಲಿಗರು. ಅರ್ಜಿ ತುಂಬಲು ಬಾರದವರಿಗೆ ಜಮಾಅತ್‌ನ ಯುವಕರು ಜೊತೆಗೆ ಹೋಗಿ ತುಂಬಿಸಿಕೊಡಲಿ. ವರ್ಷಕ್ಕೊಮ್ಮೆಯಾದರೂ ಜುಮಾ ಖುತ್ಬಾದಲ್ಲಿ ಈ ಮಕ್ಕಳ ವಿಷಯ ಬರಲಿ.

ಇವುಗಳಲ್ಲಿ ಯಾವುದೂ ನಮ್ಮ ಕೈ ಮೀರಿದ್ದಲ್ಲ. ಮುಂದಿನ ಮದುವೆ ಮನೆಯಲ್ಲಿ ಆ ತಾಯಿ ಎದುರಾದರೆ ಸಲಹೆಗಳನ್ನು ಬದಿಗಿಟ್ಟು, ಆಸ್ಪತ್ರೆಗೆ ಯಾವ ದಿನ ಹೋಗಬೇಕೆಂದು ಕೇಳೋಣ, ಜೊತೆಗೆ ಯಾರಾದರೂ ಬರಬೇಕೇ ಎಂದು ಕೇಳೋಣ. ನಾಳೆ ಅಲ್ಲಾಹನು ಆ ಮಗುವಿನ ಬಗ್ಗೆ ವಿಚಾರಿಸುವಾಗ ಅದರ ಹೆತ್ತವರನ್ನು ಮಾತ್ರ ವಿಚಾರಿಸುತ್ತಾನೆಂದು ನಾವು ನೆಮ್ಮದಿಯಿಂದ ಇರುವಂತಿಲ್ಲ.